ಮಾತಿಗೂ ಬೇಕು ತಾಳೆ ಎಣ್ಣೆ

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಯ ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದೆ. ಪ್ರಶ್ನೆ ಬಹಳ ಸರಳ: ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುವುದು ಹೇಗೆ? ಹೆಚ್ಚುಕಡಿಮೆ ಇಡೀ ತರಗತಿ ಪುಸ್ತಕದಲ್ಲಿದ್ದ ಕೇಶಾಕರ್ಷಣೆಯ ವ್ಯಾಖ್ಯೆಯನ್ನು ಅಕ್ಷರ ಬಿಡದೆ ಇಳಿಸಿತ್ತು. ಒಬ್ಬ ಹುಡುಗ ಮಾತ್ರ ಬೇರೆಯೇ ಬರೆದಿದ್ದ. ಗೋಡೆಯ ಬಿರುಕಿನಲ್ಲಿ ಇರುವೆಗಳು ಒಂದರ ಹಿಂದೊಂದು ಹತ್ತುವ ಹಾಗೆ ಎಣ್ಣೆ ನೂಲಿನ ಸಂದಿಯಲ್ಲಿ ಹತ್ತುತ್ತದೆ. ಗೋಡೆ ಹಿಡಿದುಕೊಂಡ ಇರುವೆ ತನ್ನ ಹಿಂದಿನದನ್ನೂ ಕರೆದುಕೊಂಡು ಹೋಗುತ್ತದೆ ಎಂದು. ನಾನು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ 'ಕಥೆ ಬೇಡ, ಉತ್ತರ ಬರೆ' ಎಂದು ಷರಾ ಬರೆದು, ಎರಡಕ್ಕೆ ಅರ್ಧ ಅಂಕ ಕೊಟ್ಟೆ.

ಆ ಹುಡುಗ ಏನೂ ಕೇಳಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಅವನೂ ಎಲ್ಲರಂತೆ ಪುಸ್ತಕದ ವಾಕ್ಯವನ್ನೇ ಬರೆದ, ಪೂರ್ತಿ ಅಂಕ ಪಡೆದ. ನಾನೂ ಮರೆತೆ.

ಮತ್ತೆ ಅದು ನೆನಪಾದದ್ದು ಒಂದು ಬೇಸಿಗೆ ರಜೆಯಲ್ಲಿ, ಆಫ್ರಿಕಾದ ಕಾದಂಬರಿಯೊಂದನ್ನು ಓದುವಾಗ. ವಿಜ್ಞಾನದ ಮೇಷ್ಟ್ರಿಗೆ ಕಾದಂಬರಿಯೇಕೆ ಎಂದು ನಮ್ಮ ಮನೆಯಲ್ಲೇ ಕೇಳಿದರು. ಓದಿ ಮುಗಿಸಿದ ಮೇಲೆ ನನಗೂ ಒಂದು ಪ್ರಶ್ನೆ ಎದ್ದಿತು: ನಾವು ಉಪಮೆ, ರೂಪಕ, ಗಾದೆಗಳನ್ನೆಲ್ಲ ಒಟ್ಟಾಗಿ 'ಅಲಂಕಾರ' ಎಂದು ಕರೆಯುತ್ತೇವಲ್ಲ, ಅವು ನಿಜಕ್ಕೂ ಒಡವೆಗಳೇ? ಬೇಕಾದಾಗ ತೊಟ್ಟು, ಬೇಡವಾದಾಗ ಕಳಚಿಡುವಂಥವೇ?

ಹಾಗಲ್ಲ ಎನ್ನುವ ಒಂದು ಜನಾಂಗವಿದೆ. ಅವರೇ ಇಗ್ಬೊಗಳು.

ಒಂದೇ ಪದ, ನಾಲ್ಕು ಅರ್ಥ

ಪಶ್ಚಿಮ ಆಫ್ರಿಕಾದ ನೈಜೀರಿಯಾ ದೇಶದ ಆಗ್ನೇಯ ಭಾಗ ಇಗ್ಬೊ ಜನರ ನಾಡು. ನೈಜರ್ ನದಿಯ ಇಕ್ಕೆಲಗಳಲ್ಲೂ ಅವರಿದ್ದಾರೆ. ಪೂರ್ವ ದಡದಲ್ಲಿ ಹೆಚ್ಚು. ಇಗ್ಬೊ ಭಾಷೆಯನ್ನಾಡುವವರ ಸಂಖ್ಯೆ ಎರಡು ಕೋಟಿಗೂ ಮಿಗಿಲು.

ಈ ಭಾಷೆಯ ಒಂದು ಗುಣ ನನ್ನಂಥ ವಿಜ್ಞಾನದವರಿಗೆ ಬಹಳ ಹಿಡಿಸುತ್ತದೆ. ಅದು ಸ್ವರದ ಏರಿಳಿತದ ಮೇಲೆ ನಿಂತ ಭಾಷೆ. 'ಅಕ್ವಾ' ಎಂಬ ಪದವನ್ನೇ ತೆಗೆದುಕೊಳ್ಳಿ. ಎರಡು ಅಕ್ಷರಗಳನ್ನೂ ಏರುದನಿಯಲ್ಲಿ ಹೇಳಿದರೆ 'ಅಳು' ಎಂದರ್ಥ. ಮೊದಲನೆಯದು ಏರು, ಎರಡನೆಯದು ತಗ್ಗಾದರೆ 'ಬಟ್ಟೆ'. ಮೊದಲನೆಯದು ತಗ್ಗು, ಎರಡನೆಯದು ಏರಾದರೆ 'ಮೊಟ್ಟೆ'. ಎರಡೂ ತಗ್ಗಾದರೆ 'ಹಾಸಿಗೆ' ಅಥವಾ 'ಸೇತುವೆ'. ಧ್ವನಿಯ ಪಾಠದಲ್ಲಿ ನಾವು ಆವೃತ್ತಿ ಎಂದು ಓದುತ್ತೇವಲ್ಲ, ಅದೊಂದು ಬದಲಾದರೆ ಸಾಕು, ಮೊಟ್ಟೆ ಕೇಳಿದವನಿಗೆ ಬಟ್ಟೆ ಸಿಕ್ಕೀತು!

ಈ ಏರಿಳಿತವನ್ನು ವಾದ್ಯವೂ ನುಡಿಸಬಲ್ಲುದು. ಮರದ ದಿಮ್ಮಿಯನ್ನು ಕೊರೆದು, ಸೀಳುಗಂಡಿ ಬಿಟ್ಟು ಮಾಡಿದ 'ಎಕ್ವೆ' ಎಂಬ ವಾದ್ಯವಿದೆ. ಅದರ ಸೀಳಿನ ಒಂದು ಅಂಚನ್ನು ಬಡಿದರೆ ಏರುದನಿ, ಇನ್ನೊಂದನ್ನು ಬಡಿದರೆ ತಗ್ಗುದನಿ. ಭಾಷೆ ಬಲ್ಲವರಿಗೆ ಅದು ಬರಿಯ ತಾಳವಲ್ಲ, ಸುದ್ದಿ. ಮಾತಿನ ಅರ್ಥವೇ ರಾಗದಲ್ಲಿರುವಾಗ ಮಾತಿಗೂ ಸಂಗೀತಕ್ಕೂ ನಡುವೆ ಗೋಡೆ ಎಲ್ಲಿಯದು?

ನಮ್ಮ ವ್ಯಾಕರಣದಲ್ಲಿ ದ್ವಿರುಕ್ತಿ, ಅನುಕರಣಾವ್ಯಯ ಎಂದು ಓದುತ್ತೀರಿ. ಬೇಗಬೇಗ, ದಡದಡ, ಚಟಪಟ ಎಂದೆಲ್ಲ. ಇಗ್ಬೊ ಭಾಷೆಯಲ್ಲೂ ಇಂಥವು ಧಾರಾಳ. ಬೇಗಬೇಗ ಎನ್ನಲು 'ಙ್ವಾ ಙ್ವಾ', ಮೆಲ್ಲಮೆಲ್ಲನೆ ಎನ್ನಲು 'ನ್ವಾಯೊ ನ್ವಾಯೊ'. ಆ ಭಾಷೆಯ ಕಥೆಗಳನ್ನು ಕಣ್ಣಿನಲ್ಲಿ ಓದುವುದಕ್ಕಿಂತ ಬಾಯಿಬಿಟ್ಟು ಓದಿದರೇ ರುಚಿ ಎನ್ನುವುದು ಇದಕ್ಕಾಗಿ.

ಎಣ್ಣೆಯ ಗುಟ್ಟು

ಗಾದೆಗೆ ಇಗ್ಬೊ ಭಾಷೆಯಲ್ಲಿ 'ಇಲು' ಎನ್ನುತ್ತಾರೆ. ಗಾದೆಯನ್ನು ಕುರಿತೇ ಅವರಲ್ಲಿ ಒಂದು ಗಾದೆಯುಂಟು: ಮಾತನ್ನು ಉಣ್ಣಲು ಬೇಕಾದ ತಾಳೆ ಎಣ್ಣೆಯೇ ಗಾದೆ. ಈ ಹೋಲಿಕೆ ಅರ್ಥವಾಗಬೇಕಾದರೆ ಅವರ ಅಡುಗೆಮನೆಗೆ ಹೋಗಬೇಕು.

ಇಗ್ಬೊಗಳ ಮುಖ್ಯ ಬೆಳೆ ಯಾಮ್ ಎಂಬ ಗೆಡ್ಡೆ. ಇದು ಸಿಹಿಗೆಣಸಲ್ಲ, ನಮ್ಮ ಕಾಡುಗೆಣಸಿನ ಬಳಗಕ್ಕೆ ಸೇರಿದ್ದು. ಸುಟ್ಟರೆ ಹಿಟ್ಟುಹಿಟ್ಟಾಗಿ, ಒಣಒಣ ಎನಿಸುತ್ತದೆ. ಹಾಗೇ ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಇಳಿಯದು. ಅದನ್ನು ತಾಳೆ ಎಣ್ಣೆಯಲ್ಲಿ ಅದ್ದಿ ತಿನ್ನುತ್ತಾರೆ. ನಾವು ನ್ಯಾಯಬೆಲೆ ಅಂಗಡಿಯಲ್ಲಿ ಕಂಡ ತಿಳಿಬಣ್ಣದ ಪಾಮೋಲಿನ್ ಅಲ್ಲ ಅದು. ಸಂಸ್ಕರಿಸದ ತಾಳೆ ಎಣ್ಣೆ ಕಡುಗೆಂಪಾಗಿರುತ್ತದೆ. ಗಜ್ಜರಿಗೆ ಬಣ್ಣ ಕೊಡುವ ಕ್ಯಾರೋಟಿನ್ ವಸ್ತುಗಳೇ ಅದಕ್ಕೂ ಬಣ್ಣ ಕೊಡುವುದು. ನಮ್ಮ ದೇಹ ಅದರಿಂದ 'ಎ' ಜೀವಸತ್ವವನ್ನು ತಯಾರಿಸಿಕೊಳ್ಳುತ್ತದೆ. ಅಂದರೆ ಆ ಎಣ್ಣೆ ರುಚಿಯೂ ಹೌದು, ಪೋಷಣೆಯೂ ಹೌದು, ತುತ್ತು ಗಂಟಲಲ್ಲಿ ಇಳಿಯುವ ದಾರಿಯೂ ಹೌದು.

ರಾಗಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುದ್ದೆಗೆ ಸಾರು ಒಡವೆಯಲ್ಲ; ಸಾರಿಲ್ಲದೆ ಮುದ್ದೆ ಇಳಿಯುವುದೇ ಇಲ್ಲ.

'ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಎಂಬುದು ನಮ್ಮ ಮಾತು. ಅಲ್ಲಿ ನಾವು ಹೊಗಳುವುದು ಗಾದೆಯ ಸತ್ಯವನ್ನು. ಇಗ್ಬೊಗಳು ಹೊಗಳುವುದು ಗಾದೆಯ ಕೆಲಸವನ್ನು. ಕಹಿಯಾದ, ಒಣಗಿದ, ನುಂಗಲಾಗದ ಮಾತನ್ನು ಎದುರಿನವರು ನುಂಗುವಂತೆ ಮಾಡುವುದೇ ಆ ಕೆಲಸ.

ಸಾಲ ಕೇಳುವ ಕಲೆ

ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ಚಿನುವ ಅಚಿಬೆಯ (1930–2013) ಮೊದಲ ಕಾದಂಬರಿ 'ಥಿಂಗ್ಸ್ ಫಾಲ್ ಅಪಾರ್ಟ್'ನ ಆರಂಭದಲ್ಲೇ ಒಂದು ಸೊಗಸಾದ ಪ್ರಸಂಗವಿದೆ. 1958ರಲ್ಲಿ ಪ್ರಕಟವಾದ ಈ ಕಾದಂಬರಿ ಐವತ್ತಕ್ಕೂ ಹೆಚ್ಚು ಭಾಷೆಗಳಿಗೆ ಹೋಗಿದೆ, ಕನ್ನಡಕ್ಕೂ ಬಂದಿದೆ. ಬರೆದದ್ದು ಇಂಗ್ಲಿಷಿನಲ್ಲಾದರೂ ಅದರೊಳಗಿನ ಉಸಿರು ಇಗ್ಬೊ.

ಕಥಾನಾಯಕ ಒಕೊಂಕ್ವೊನ ತಂದೆ ಉನೊಕಾ. ಕೊಳಲು ನುಡಿಸುವುದರಲ್ಲಿ ನಿಸ್ಸೀಮ, ಸಾಲ ಮಾಡುವುದರಲ್ಲೂ ನಿಸ್ಸೀಮ! ಒಂದು ದಿನ ನೆರೆಯ ಒಕೊಯೆ ಅವನ ಮನೆಗೆ ಬರುತ್ತಾನೆ. ಎರಡು ವರ್ಷಕ್ಕೂ ಹಿಂದೆ ಕೊಟ್ಟ ಇನ್ನೂರು ಕವಡೆ ವಾಪಸು ಬೇಕು. ಆದರೆ ಬಂದವನೇ ಸಾಲದ ಮಾತೆತ್ತುವುದಿಲ್ಲ. ಕೋಲಾ ಬೀಜವನ್ನು ಮುರಿದು ಹಂಚಿಕೊಳ್ಳುವುದು ಅಲ್ಲಿನ ಅತಿಥಿ ಮರ್ಯಾದೆ. ನಮ್ಮಲ್ಲಿ ಎಲೆ ಅಡಿಕೆ ಕೊಟ್ಟಂತೆ. ಅದಾಗುತ್ತದೆ. ಮಳೆ, ಬೆಳೆ, ಹಬ್ಬಗಳ ಮಾತಾಗುತ್ತದೆ. ಆಮೇಲೆ ಒಕೊಯೆ ಗಂಟಲು ಸರಿಮಾಡಿಕೊಂಡು ಐದಾರು ವಾಕ್ಯಗಳನ್ನು ಬರಿ ಗಾದೆಗಳಲ್ಲೇ ಹೇಳುತ್ತಾನೆ. ವಿಶೇಷವೆಂದರೆ ಆ ಗಾದೆಗಳು ಯಾವುವು ಎಂದು ಅಚಿಬೆ ನಮಗೆ ಹೇಳುವುದೇ ಇಲ್ಲ! ಸಾಲ ಕೇಳಿದನೆಂದು ಉನೊಕಾನಿಗೆ ಗೊತ್ತಾದರೆ ಸಾಕು.

ಉನೊಕಾ ಬಿದ್ದು ಬಿದ್ದು ನಗುತ್ತಾನೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆಗಳ ಗುಂಪುಗಳನ್ನು ತೋರಿಸುತ್ತಾನೆ. ಒಂದೊಂದು ಗುಂಪು ಒಬ್ಬೊಬ್ಬರ ಸಾಲ, ಒಂದೊಂದು ಗೆರೆ ನೂರು ಕವಡೆ. ನಿಂತವರ ಮೇಲೆ ಬಿಸಿಲು ಬಿದ್ದ ನಂತರವೇ ಅವರ ಕೆಳಗೆ ಮೊಣಕಾಲೂರಿದವರ ಮೇಲೆ ಬೀಳುವುದು ಎಂದು ಹಿರಿಯರು ಹೇಳಿದ್ದಾರಲ್ಲ, ಹಾಗೆ ದೊಡ್ಡ ಸಾಲಗಳನ್ನು ಮೊದಲು ತೀರಿಸುತ್ತೇನೆ ಎನ್ನುತ್ತಾನೆ. ಒಕೊಯೆ ತಾನು ಕುಳಿತಿದ್ದ ಆಡಿನ ಚರ್ಮವನ್ನು ಸುತ್ತಿಕೊಂಡು ಎದ್ದುಹೋಗುತ್ತಾನೆ.

ಇಲ್ಲಿ ನೋಡಿ, ಸಾಲ ಕೊಟ್ಟವನು ಗಾದೆಯನ್ನು ಎಣ್ಣೆಯಂತೆ ಬಳಸಿದ. ಅವಮಾನವಾಗದಂತೆ ಹಣ ಕೇಳಿದ. ಸಾಲ ಪಡೆದವನು ಗಾದೆಯನ್ನು ಗುರಾಣಿಯಂತೆ ಹಿಡಿದ. ಹಿರಿಯರ ಮಾತಿಗೆ ಎದುರಾಡುವುದು ಹೇಗೆ? ದಡ್ಡ ಸಾಲಗಾರನಾದರೆ ಹೊಡೆತ ತಿನ್ನುತ್ತಿದ್ದ. ಉನೊಕಾ ಸೋಮಾರಿ ನಿಜ, ಆದರೆ ಮಾತು ಬಲ್ಲವ.

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬುದನ್ನು ದೃಷ್ಟಾಂತಾಲಂಕಾರಕ್ಕೆ ಉದಾಹರಣೆಯಾಗಿ ನೀವು ಬಾಯಿಪಾಠ ಮಾಡಿರುತ್ತೀರಿ. ಎರಡು ವಾಕ್ಯಗಳ ನಡುವೆ ಬಿಂಬ ಪ್ರತಿಬಿಂಬ ಭಾವ ಎಂದು ಬರೆದರೆ ಅಂಕ ಬರುತ್ತದೆ. ಆದರೆ ಆ ಗಾದೆಯನ್ನು ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದರು ಎಂದು ಕೇಳಿದಾಗಲೇ ಅದಕ್ಕೆ ಜೀವ ಬರುವುದು.

ಒಂದೇ ಗಾದೆ, ಎರಡು ಹೊತ್ತು

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಕೆಲಸವನ್ನು ಅಚಿಬೆ ಅದೇ ಕಾದಂಬರಿಯಲ್ಲಿ ಮಾಡಿದ್ದಾರೆ. ಮೊದಲ ಓದಿನಲ್ಲಿ ನನಗೆ ಅದು ಕಾಣಲೇ ಇಲ್ಲ.

ಮೂರನೆಯ ಅಧ್ಯಾಯದಲ್ಲಿ ಬಡ ಯುವಕ ಒಕೊಂಕ್ವೊ ಬಿತ್ತನೆ ಗೆಡ್ಡೆ ಕೇಳಲು ನ್ವಾಕಿಬಿಯೆ ಎಂಬ ಸಿರಿವಂತನ ಮನೆಗೆ ಹೋಗುತ್ತಾನೆ. ಅಲ್ಲಿ ಹೆಂಡ ಕುಡಿಯುತ್ತ ಹರಟುವಾಗ, ಹೆಂಡ ಇಳಿಸುವವನೊಬ್ಬ ಇದ್ದಕ್ಕಿದ್ದಂತೆ ಕಸುಬು ಬಿಟ್ಟ ಸುದ್ದಿ ಬರುತ್ತದೆ. ಕಾರಣ ಇರಲೇಬೇಕು, ಕಪ್ಪೆ ಹಾಡುಹಗಲಲ್ಲಿ ಸುಮ್ಮನೆ ಓಡುವುದಿಲ್ಲ ಎಂದು ಒಬ್ಬ ಗಾದೆ ಹೇಳುತ್ತಾನೆ. ಅದು ತಮಾಷೆಯ ಹೊತ್ತು. ಸ್ವಲ್ಪ ಹೊತ್ತಿನ ಮೇಲೆ ನ್ವಾಕಿಬಿಯೆ ಎನೆಕೆ ಎಂಬ ಹಕ್ಕಿಯ ಗಾದೆ ಹೇಳುತ್ತಾನೆ. ಮನುಷ್ಯರು ಗುರಿ ತಪ್ಪದೆ ಹೊಡೆಯುವುದನ್ನು ಕಲಿತಾಗಿನಿಂದ ಆ ಹಕ್ಕಿ ರೆಂಬೆಯ ಮೇಲೆ ಕೂರದೆ ಹಾರುವುದನ್ನು ಕಲಿಯಿತಂತೆ. ಸೋಮಾರಿ ಹುಡುಗರು ಗೆಡ್ಡೆ ಒಯ್ದು ಹಾಳುಮಾಡುವುದನ್ನು ಕಂಡು ತಾನೂ ಕೈಬಿಗಿ ಹಿಡಿಯಲು ಕಲಿತೆ ಎಂಬುದು ಅವನ ಭಾವ. ಆದರೂ ಈ ಹುಡುಗನನ್ನು ನಂಬಿ ಎಂಟುನೂರು ಗೆಡ್ಡೆ ಕೊಡುತ್ತಾನೆ.

ಈಗ ಇಪ್ಪತ್ತನಾಲ್ಕನೆಯ ಅಧ್ಯಾಯಕ್ಕೆ ಬನ್ನಿ. ಬಿಳಿಯರ ಆಡಳಿತ, ನ್ಯಾಯಾಲಯ, ಜೈಲು ಎಲ್ಲ ಬಂದಾಗಿದೆ. ಊರ ಮುಖಂಡರನ್ನು ಕರೆಸಿ, ಕೈಗೆ ಬೇಡಿ ಹಾಕಿ, ತಲೆ ಬೋಳಿಸಿ ಅವಮಾನಿಸಿದ್ದಾರೆ. ಊರೆಲ್ಲ ಸಂತೆಮಾಳದಲ್ಲಿ ಸೇರಿದೆ. ಒಕಿಕಾ ಎಂಬ ಹಿರಿಯ ಮಾತಿಗೆ ನಿಲ್ಲುತ್ತಾನೆ. ಅವನ ಬಾಯಲ್ಲಿ ಅವೇ ಎರಡು ಗಾದೆಗಳು ಮತ್ತೆ ಬರುತ್ತವೆ! ಹಗಲಲ್ಲಿ ಕುಪ್ಪಳಿಸುವ ಕಪ್ಪೆ. ಕೂರದೆ ಹಾರುವ ಹಕ್ಕಿ. ಈ ಸಲ ಯಾರೂ ನಗುವುದಿಲ್ಲ. ಕಪ್ಪೆಯ ಬೆನ್ನು ಹತ್ತಿದ್ದು ಈಗ ಸಾವು. ಆ ಕಪ್ಪೆ ಯಾರೋ ಹೆಂಡ ಇಳಿಸುವವನಲ್ಲ, ಇಡೀ ಊರು.

ಶಬ್ದಗಳು ಹೆಚ್ಚುಕಡಿಮೆ ಅವೇ, ಕಾಲ ಬೇರೆ. ಪ್ರಯೋಗಶಾಲೆಯಲ್ಲಿ ಒಂದೇ ಲಿಟ್ಮಸ್ ಕಾಗದ ಆಮ್ಲದಲ್ಲಿ ಕೆಂಪಾಗಿ, ಪ್ರತ್ಯಾಮ್ಲದಲ್ಲಿ ನೀಲಿಯಾಗುವುದಿಲ್ಲವೇ? ಹಾಗೆ ಆ ಗಾದೆಗಳು ಊರಿನ ಸ್ಥಿತಿ ಎಷ್ಟು ಬದಲಾಗಿದೆ ಎಂಬುದನ್ನು ತೋರಿಸುತ್ತವೆ. ಲೇಖಕರು ತಾವಾಗಿ ಒಂದು ಮಾತೂ ವಿವರಿಸುವುದಿಲ್ಲ.

ಹೆಸರೂ ಒಂದು ವಾಕ್ಯ

ಇಗ್ಬೊ ಹೆಸರುಗಳು ಬಹುಮಟ್ಟಿಗೆ ಪೂರ್ತಿ ವಾಕ್ಯಗಳೇ. ನ್ನಾಮ್ಡಿ ಎಂದರೆ 'ನನ್ನ ತಂದೆ ಬದುಕಿದ್ದಾನೆ'. ನ್ವಾಕೈಗೊ ಎಂದರೆ 'ಹಣಕ್ಕಿಂತ ಮಗು ದೊಡ್ಡದು'. ಕಥೆಗಾರರಿಗೆ ಇದು ದೊಡ್ಡ ಅನುಕೂಲ.

ಅಚಿಬೆಯ ಅದೇ ಕಾದಂಬರಿಯಲ್ಲಿ ಎಕ್ವೆಫಿ ಎಂಬ ತಾಯಿ ಹತ್ತು ಮಕ್ಕಳನ್ನು ಹೆತ್ತು ಒಂಬತ್ತನ್ನು ಎಳವೆಯಲ್ಲೇ ಕಳೆದುಕೊಳ್ಳುತ್ತಾಳೆ. ಅವಳ ದುಃಖವನ್ನು ವರ್ಣಿಸಲು ಅಚಿಬೆ ಕಣ್ಣೀರಿನ ಉಪಮೆಗಳನ್ನು ಹುಡುಕಿಕೊಂಡು ಹೋಗುವುದಿಲ್ಲ. ಅವಳು ಇಟ್ಟ ಹೆಸರುಗಳನ್ನು ಹೇಳುತ್ತಾರೆ. ಒಂದು ಮಗು ಒನ್ವುಂಬಿಕೊ, ಅಂದರೆ 'ಸಾವೇ, ನಿನ್ನನ್ನು ಬೇಡುತ್ತೇನೆ'. ಆ ಮಗುವೂ ಉಳಿಯಲಿಲ್ಲ. ಮತ್ತೊಂದು ಓಜೊಯೆಮೆನಾ, 'ಇದು ಮತ್ತೆ ಆಗದಿರಲಿ'. ಅದೂ ಹೋಯಿತು. ಇನ್ನೊಂದಕ್ಕೆ ಒನ್ವುಮಾ, 'ಸಾವು ತನಗೆ ತಿಳಿದಂತೆ ಮಾಡಿಕೊಳ್ಳಲಿ'. ಬೇಡಿಕೆ, ಹಾರೈಕೆ, ಕೊನೆಗೆ ಸವಾಲು. ಮೂರು ಹೆಸರುಗಳಲ್ಲಿ ಒಬ್ಬ ತಾಯಿಯ ಇಡೀ ಕಥೆ. ಮಕ್ಕಳು ಸತ್ತು ಸತ್ತು ಹುಟ್ಟಿದ ಮನೆಗಳಲ್ಲಿ ಉಳಿದ ಮಗುವಿಗೆ ತಿಪ್ಪ, ತಿಪ್ಪಮ್ಮ ಎಂದು ಹೆಸರಿಟ್ಟು ಸಾವಿನ ಕಣ್ಣು ತಪ್ಪಿಸುತ್ತಿದ್ದ ನಮ್ಮ ಅಜ್ಜಿಯರಿಗೆ ಎಕ್ವೆಫಿಯ ಭಾಷೆ ಅರ್ಥವಾಗದೆ ಇರುತ್ತಿರಲಿಲ್ಲ.

ಇಂಗ್ಲಿಷಿಗಿಂತ ಮೊದಲೇ ಇಗ್ಬೊ ಭಾಷೆಯಲ್ಲೇ ಕಾದಂಬರಿ ಬಂದಿತ್ತು. ಪೀಟಾ ನ್ವಾನಾ ಬರೆದ 'ಒಮೆನುಕೊ' 1933ರಷ್ಟು ಹಿಂದಿನದು. ಆ ಹೆಸರಿನ ಅರ್ಥ 'ಬರಗಾಲದಲ್ಲೂ ಮಾಡಿ ತೋರಿಸುವವನು'. ಕಥೆಯಲ್ಲಿ ಒಮೆನುಕೊ ಒಬ್ಬ ವ್ಯಾಪಾರಿ. ದಾರಿಯಲ್ಲಿ ಸರಕೆಲ್ಲ ನದಿಯ ಪಾಲಾದಾಗ, ನಷ್ಟ ತುಂಬಿಕೊಳ್ಳಲು ತನ್ನನ್ನು ನಂಬಿ ಜೊತೆಗೆ ಬಂದ ಹುಡುಗರನ್ನೇ ಗುಲಾಮರನ್ನಾಗಿ ಮಾರಿಬಿಡುತ್ತಾನೆ. ಕಷ್ಟಕಾಲದಲ್ಲಿ ಅವನು ಮಾಡಿ ತೋರಿಸಿದ್ದು ಇದು! ಹೆಸರೇ ಅವನನ್ನು ಜೀವನವಿಡೀ ಚುಚ್ಚುತ್ತದೆ. ಆ ಪಾಪವನ್ನು ತೊಳೆದುಕೊಳ್ಳುವ ದಾರಿಯೇ ಮುಂದಿನ ಕಥೆ.

1970ರ ದಶಕದಲ್ಲಿ ಟೋನಿ ಉಬೇಸಿ ಎಂಬ ಜನಪ್ರಿಯ ಕಾದಂಬರಿಕಾರ ಗಾದೆಗಳನ್ನೇ ಪುಸ್ತಕದ ಶೀರ್ಷಿಕೆ ಮಾಡಿದರು. 'ಉಕ್ವಾ' ಹಣ್ಣಿಗೆ ಹೊತ್ತು ಬಂದರೆ ಅದು ಬಿದ್ದೇ ಬೀಳುತ್ತದೆ ಎಂಬ ಗಾದೆ ಅವರ ಒಂದು ಕಾದಂಬರಿಯ ಹೆಸರು. ಉಕ್ವಾ ನಮ್ಮ ಹಲಸಿನ ಕುಟುಂಬಕ್ಕೇ ಸೇರಿದ ಮರ, ಹಣ್ಣು ಹಲವು ಕಿಲೋ ತೂಗುತ್ತದೆ. ಅಷ್ಟು ಭಾರದ ಹಣ್ಣು ಬೀಳುವ ಸದ್ದು ಕೇಳಿದವನಿಗೆ ಮಾತ್ರ ಆ ಗಾದೆಯೊಳಗಿನ ಎಚ್ಚರಿಕೆ ತಟ್ಟುತ್ತದೆ.

ಹಾಗಾದರೆ ಇಗ್ಬೊ ಭಾಷೆಯಲ್ಲೇ ಇನ್ನೂ ಹೆಚ್ಚು ಕಾದಂಬರಿಗಳು ಏಕೆ ಬರಲಿಲ್ಲ? ಒಂದು ಕಾರಣ ಲಿಪಿಯ ಜಗಳ. 1930ರ ಆಸುಪಾಸಿನಲ್ಲಿ ಶುರುವಾದ ಕಾಗುಣಿತದ ವಿವಾದ 1961ರವರೆಗೆ ಎಳೆಯಿತು. ಒಂದು ಇಡೀ ಪೀಳಿಗೆ ಹೇಗೆ ಬರೆಯಬೇಕೆಂದೇ ತಿಳಿಯದೆ ಬೆಳೆಯಿತು. ಅದಕ್ಕೂ ಮೊದಲು, 1913ರಲ್ಲಿ ಪ್ರಕಟವಾದ ಬೈಬಲಿಗಾಗಿ ಮಿಶನರಿಗಳು ಹಲವು ಪ್ರದೇಶಗಳ ನುಡಿಯನ್ನು ಬೆರೆಸಿ ಒಂದು 'ಒಕ್ಕೂಟ ಇಗ್ಬೊ' ತಯಾರಿಸಿದ್ದರು. ಯಾರ ಮನೆಯಲ್ಲೂ ಆಡದ ಆ ಭಾಷೆಯನ್ನು ಅಚಿಬೆ 1999ರಲ್ಲಿ ಒವೆರಿ ಪಟ್ಟಣದಲ್ಲಿ ಮಾಡಿದ ಭಾಷಣದಲ್ಲಿ ಕಟುವಾಗಿ ಟೀಕಿಸಿದರು. ಆ ಭಾಷಣವನ್ನು ಅವರು ಮಾಡಿದ್ದು ಇಗ್ಬೊ ಭಾಷೆಯಲ್ಲೇ.

ಒಂದೇ ಕಡೆ ನಿಂತರೆ ಕುಣಿತ ಕಾಣದು

ಅಚಿಬೆಯ 'ಆರೋ ಆಫ್ ಗಾಡ್' (1964) ಕಾದಂಬರಿಯಲ್ಲಿ ಎಜೆಯುಲು ಎಂಬ ಪೂಜಾರಿ ತನ್ನ ಮಗನನ್ನು ಬಿಳಿಯರ ಶಾಲೆಗೆ ಕಳುಹಿಸುತ್ತಾನೆ. ನೀನು ಅಲ್ಲಿ ನನ್ನ ಕಣ್ಣಾಗಿರಬೇಕು ಎನ್ನುತ್ತಾನೆ. ಲೋಕವೆಂಬುದು ಮುಖವಾಡದ ಕುಣಿತದಂತೆ. ಅದನ್ನು ಚೆನ್ನಾಗಿ ನೋಡಬೇಕಾದರೆ ಒಂದೇ ಜಾಗದಲ್ಲಿ ನಿಲ್ಲಬಾರದು ಎಂಬುದು ಅವನ ವಾದ. ಇದು ಇಗ್ಬೊ ಜನರ ಹಳೆಯ ಗಾದೆಯೇ. ಅವರ ಮುಖವಾಡದ ಕುಣಿತ ರಂಗಮಂಟಪದಲ್ಲಿ ನಡೆಯುವುದಲ್ಲ, ಊರ ಬಯಲಲ್ಲಿ ಸುತ್ತುತ್ತ ನಡೆಯುವುದು. ನೋಡುವವನೂ ಅದರೊಡನೆ ಸುತ್ತಬೇಕು.

1960ರ ದಶಕದಲ್ಲಿ ಬರೆದ ಒಂದು ಪ್ರಬಂಧದಲ್ಲಿ ಅಚಿಬೆ ಇದೇ ಭಾಗವನ್ನು ಎತ್ತಿಕೊಂಡು ಒಂದು ಪ್ರಯೋಗ ಮಾಡಿ ತೋರಿಸಿದರು. ಮೊದಲು ತಾವು ಬರೆದಂತೆಯೇ ಕೊಟ್ಟರು. ಆಮೇಲೆ ಅದೇ ವಿಷಯವನ್ನು ಗಾದೆ, ಹೋಲಿಕೆ ಏನೂ ಇಲ್ಲದೆ ಸಾದಾ ಇಂಗ್ಲಿಷಿನಲ್ಲಿ ಬರೆದರು: ಮುಂದೆ ಏನಾದೀತೋ, ಮುನ್ನೆಚ್ಚರಿಕೆಯಾಗಿ ನಿನ್ನನ್ನು ಪ್ರತಿನಿಧಿಯನ್ನಾಗಿ ಕಳುಹಿಸುತ್ತಿದ್ದೇನೆ ಎಂಬ ಧಾಟಿಯಲ್ಲಿ. ವಿಷಯ ಒಂದೇ, ಆದರೆ ಎರಡನೆಯದರಲ್ಲಿ ಆ ಪೂಜಾರಿಯೇ ಇಲ್ಲ! ಯಾವುದೋ ಕಚೇರಿಯ ಗುಮಾಸ್ತ ಮಾತನಾಡಿದಂತಿದೆ. ವಿದ್ಯಾರ್ಥಿಗಳು ಮನೆಯಲ್ಲಿ ಮಾಡಿನೋಡಬಹುದಾದ ಪ್ರಯೋಗ ಇದು. ಅಜ್ಜಿ ಹೇಳಿದ ಒಂದು ಮಾತನ್ನು ಅವರು ಹೇಳಿದಂತೆಯೇ ಬರೆಯಿರಿ, ಕೆಳಗೆ ಅದರ ಸಾರಾಂಶ ಬರೆಯಿರಿ. ಏನು ಸೋರಿಹೋಯಿತು, ನೋಡಿ.

ಸೋರಿಹೋದರೆ ಏನಾಗುತ್ತದೆ ಎಂಬುದಕ್ಕೆ 'ಥಿಂಗ್ಸ್ ಫಾಲ್ ಅಪಾರ್ಟ್'ನ ಕೊನೆಯ ಪುಟವೇ ಸಾಕ್ಷಿ. ಒಕೊಂಕ್ವೊ ನೇಣು ಹಾಕಿಕೊಂಡು ಸತ್ತಿದ್ದಾನೆ. ಬಿಳಿಯ ಜಿಲ್ಲಾಧಿಕಾರಿ ಬಂದು ನೋಡುತ್ತಾನೆ. ಅಲ್ಲಿಂದ ಕಥೆಯ ಭಾಷೆಯೇ ಬದಲಾಗುತ್ತದೆ. ಗಾದೆಯಿಲ್ಲ, ಹೋಲಿಕೆಯಿಲ್ಲ, ಅಚ್ಚುಕಟ್ಟಾದ ಆಡಳಿತದ ವಾಕ್ಯಗಳು. ತಾನು ಬರೆಯುತ್ತಿರುವ ಪುಸ್ತಕದಲ್ಲಿ ಈ ಮನುಷ್ಯನ ಬಗ್ಗೆ ಒಂದು ಅಧ್ಯಾಯವಲ್ಲದಿದ್ದರೂ ಒಂದು ಪ್ಯಾರಾ ಬರೆಯಬಹುದು ಎಂದು ಅವನು ಯೋಚಿಸುತ್ತಾನೆ. ಇಪ್ಪತ್ತೈದು ಅಧ್ಯಾಯಗಳಲ್ಲಿ ನಾವು ಬಲ್ಲವನಾದ ಮನುಷ್ಯ ಒಂದು ಪ್ಯಾರಾಕ್ಕೆ ಇಳಿದ! ಆ ಅಧಿಕಾರಿ ದುಷ್ಟನೆಂದು ಅಚಿಬೆ ಎಲ್ಲೂ ಬೈಯುವುದಿಲ್ಲ. ಅವನಿಗೆ ಆ ಜನರ ಮಾತು ತಿಳಿಯದು, ಆದ್ದರಿಂದ ಆ ಜನರೂ ತಿಳಿಯರು.

ತಂದೆತಾಯಿಗಳಿಗೆ ಎರಡು ಮಾತು

ಅಚಿಬೆ ಓದಲು ಹೊರಟದ್ದು ವೈದ್ಯಕೀಯ. ಅದಕ್ಕೆ ವಿದ್ಯಾರ್ಥಿವೇತನವೂ ಸಿಕ್ಕಿತ್ತು. ಇಬಾದಾನ್ ಕಾಲೇಜಿನಲ್ಲಿ ಒಂದು ವರ್ಷದ ನಂತರ ಅದನ್ನು ಬಿಟ್ಟು ಇಂಗ್ಲಿಷ್, ಇತಿಹಾಸ, ಧರ್ಮಶಾಸ್ತ್ರಗಳಿಗೆ ಬದಲಾಯಿಸಿಕೊಂಡರು. ವಿದ್ಯಾರ್ಥಿವೇತನ ಹೋಯಿತು. ಅಣ್ಣ ಹಣ ಕೊಟ್ಟು ನೆರವಾದರು. 1977ರಲ್ಲಿ ಹುಟ್ಟಿದ ಇನ್ನೊಬ್ಬ ಇಗ್ಬೊ ಲೇಖಕಿ ಚಿಮಮಾಂಡ ಎನ್‌ಗೋಜಿ ಅಡೀಚಿಯೆ ಕೂಡ ವೈದ್ಯಕೀಯ ಮತ್ತು ಔಷಧ ವಿಜ್ಞಾನವನ್ನು ಒಂದೂವರೆ ವರ್ಷ ಓದಿ ಬಿಟ್ಟವರು. ಎನ್ಸುಕಾ ವಿಶ್ವವಿದ್ಯಾಲಯದ ಆವರಣದಲ್ಲಿ ಅವರು ಬೆಳೆದ ಮನೆಯಲ್ಲಿ ಹಿಂದೆ ಅಚಿಬೆಯೇ ವಾಸವಾಗಿದ್ದರು. ಅಡೀಚಿಯೆಯ 'ಪರ್ಪಲ್ ಹೈಬಿಸ್ಕಸ್' (2003) ಕಾದಂಬರಿಯ ಕಠೋರ ತಂದೆ ಮನೆಯಲ್ಲಿ ಇಗ್ಬೊ ಆಡುವುದು ಅಪರೂಪ. ನಾಲ್ಕು ಜನರೆದುರು ಮಕ್ಕಳೂ ಇಂಗ್ಲಿಷನ್ನೇ ಆಡಬೇಕು ಎನ್ನುವವನು. ಮಕ್ಕಳು ಬಾಯ್ತುಂಬ ನಗುವುದನ್ನು ಕಲಿಯುವುದು ಮಾತು ಧಾರಾಳವಾಗಿರುವ ಅತ್ತೆಯ ಮನೆಯಲ್ಲಿ.

ಮಕ್ಕಳು ವೈದ್ಯಕೀಯ ಬಿಡಲಿ ಎಂದು ನಾನು ಹೇಳುತ್ತಿಲ್ಲ. ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವನು ಹಾಗೆ ಹೇಳುವುದುಂಟೆ? ನಾನು ಹೇಳುವುದು ಇಷ್ಟೇ: ಹೋಲಿಕೆಯ ಶಕ್ತಿ ಸಾಹಿತ್ಯದವರ ಸ್ವತ್ತಲ್ಲ. ಪರಮಾಣುವನ್ನು ಸೌರಮಂಡಲಕ್ಕೆ ಹೋಲಿಸಿಯೇ ನಾವು ಪಾಠ ಶುರುಮಾಡುತ್ತೇವೆ. ವಿದ್ಯುತ್ ಪ್ರವಾಹವನ್ನು ಕೊಳವೆಯ ನೀರಿಗೆ ಹೋಲಿಸುತ್ತೇವೆ. ಹೋಲಿಕೆ ಎಲ್ಲಿಯ ತನಕ ಸರಿ, ಎಲ್ಲಿ ಮುರಿಯುತ್ತದೆ ಎಂದು ಕೇಳುವುದೇ ವಿಜ್ಞಾನದ ಮುಂದಿನ ಹೆಜ್ಜೆ. ಹೋಲಿಸಲು ಬಾರದವನಿಗೆ ಆ ಹೆಜ್ಜೆ ಇಡಲು ನೆಲವೇ ಇಲ್ಲ.

ಅಚಿಬೆಯ 'ನೋ ಲಾಂಗರ್ ಅಟ್ ಈಸ್' (1960) ಕಾದಂಬರಿಯಲ್ಲಿ ಒಂದು ನಗೆಯ ಪ್ರಸಂಗವಿದೆ. ಊರವರು ಹಣ ಕೂಡಿಸಿ ಒಬಿ ಎಂಬ ಹುಡುಗನನ್ನು ಕಾನೂನು ಓದಲು ಇಂಗ್ಲೆಂಡಿಗೆ ಕಳಿಸಿದರೆ ಅವನು ಇಂಗ್ಲಿಷ್ ಸಾಹಿತ್ಯ ಓದಿ ಬರುತ್ತಾನೆ. ಸ್ವಾಗತ ಸಭೆಯಲ್ಲಿ ಸಂಘದ ಕಾರ್ಯದರ್ಶಿ ಬಾಯಿತುಂಬುವ ಇಂಗ್ಲಿಷಿನಲ್ಲಿ ಬಿನ್ನವತ್ತಳೆ ಓದಿದಾಗ ಸಭೆಗೆ ಬಹಳ ಖುಷಿ. ಓದಿ ಬಂದ ಒಬಿ ಮಾತ್ರ ಸರಳ ಇಂಗ್ಲಿಷಿನಲ್ಲಿ ಮಾತನಾಡುತ್ತಾನೆ, ಎಲ್ಲರಿಗೂ ನಿರಾಸೆ! ನಮ್ಮ ಶಾಲಾ ವಾರ್ಷಿಕೋತ್ಸವಗಳನ್ನು ನೋಡಿದವರಿಗೆ ಇದು ನೈಜೀರಿಯಾದ ಕಥೆ ಎನಿಸುವುದಿಲ್ಲ.

ಈಗ ಆ ಇರುವೆಯ ಹುಡುಗನ ಉತ್ತರಕ್ಕೆ ಮರಳುತ್ತೇನೆ. ಎಣ್ಣೆ ಬತ್ತಿಯಲ್ಲಿ ಏರಲು ಎರಡು ಸೆಳೆತಗಳು ಬೇಕು. ಎಣ್ಣೆಗೂ ನೂಲಿಗೂ ನಡುವಿನ ಸೆಳೆತ ಒಂದು, ಎಣ್ಣೆಯ ಕಣಕಣಗಳ ನಡುವಿನ ಸೆಳೆತ ಇನ್ನೊಂದು. ಗೋಡೆ ಹಿಡಿದುಕೊಂಡ ಇರುವೆ ಹಿಂದಿನದನ್ನೂ ಕರೆದೊಯ್ಯುತ್ತದೆ ಎಂದು ಅವನು ಬರೆದಿದ್ದ. ಎರಡೂ ಸೆಳೆತಗಳು ಅವನ ಒಂದೇ ವಾಕ್ಯದಲ್ಲಿದ್ದವು! ವ್ಯಾಖ್ಯೆಯನ್ನು ಬಾಯಿಪಾಠ ಒಪ್ಪಿಸಿದವರಲ್ಲಿ ಎಷ್ಟು ಮಂದಿಗೆ ಅದು ತಿಳಿದಿತ್ತೋ ನಾನು ಕಾಣೆ. ನಾನು ಅವನನ್ನು ಕರೆದು, 'ಚೆನ್ನಾಗಿದೆಯಪ್ಪಾ, ಆದರೆ ಇರುವೆ ತಾನಾಗಿ ಹತ್ತುತ್ತದೆ, ಎಣ್ಣೆಗೆ ಇಷ್ಟಾನಿಷ್ಟ ಉಂಟೇ? ಇಲ್ಲಿ ನಿನ್ನ ಹೋಲಿಕೆ ಎಲ್ಲಿ ಮುರಿಯುತ್ತದೆ ಹೇಳು' ಎಂದು ಕೇಳಬೇಕಿತ್ತು. ಕೇಳಲಿಲ್ಲ. ಅವನನ್ನು ಅರ್ಧ ಅಂಕಕ್ಕೆ ಇಳಿಸಿ ಮುಗಿಸಿದೆ.

ಈಗ ಉತ್ತರಪತ್ರಿಕೆಯಲ್ಲಿ ಇಂಥ ಸಾಲು ಕಂಡರೆ ಹೊಡೆದುಹಾಕುವುದಿಲ್ಲ. ಅಡಿಗೆರೆ ಎಳೆದು, ಪಕ್ಕದಲ್ಲಿ ಆ ಪ್ರಶ್ನೆ ಬರೆಯುತ್ತೇನೆ. ವರ್ಷಕ್ಕೆ ಇಬ್ಬರೋ ಮೂವರೋ ಅದಕ್ಕೆ ಉತ್ತರ ಬರೆದುಕೊಂಡು ಸಿಬ್ಬಂದಿ ಕೊಠಡಿಯ ಬಾಗಿಲಿಗೆ ಬಂದು ನಿಲ್ಲುತ್ತಾರೆ.